ಬಾಮೈದ ಬಡಿದ ಕಂಬ

ಕೋಚ್‌ಗೆ ಸಿಟ್ಟು ಬಂದರೆ ಮೊದಲು ನೆಲಕ್ಕೆ ಬೀಳುತ್ತಿದ್ದದ್ದು ಅವನ ಟೋಪಿ. ಅವತ್ತು ಆಟ ಅರ್ಧ ಮುಗಿಯುವಷ್ಟರಲ್ಲಿ ಆ ಟೋಪಿ ಎಷ್ಟು ಸಲ ಬಿದ್ದಿತ್ತೆಂದರೆ, ಅದರ ಮೇಲೆ ಅವನದೇ ಬೂಟಿನ ಅಚ್ಚು ಮೂಡಿತ್ತು.

ದೇಶ ದೇಶಗಳ ಗಂಡಸರ ತಂಡಗಳು ಸೇರಿದ್ದ ರೋಲರ್ ಹಾಕಿ ಚಾಂಪಿಯನ್‌ಶಿಪ್ ಅದು. ಕೋಚ್‌ನ ತಂಡ ಮೇಲಿನ ಗುಂಪಿಗೆ ಬಂದದ್ದು ಅದೇ ಮೊದಲು. ಕೊನೆಯ ಈ ಪಂದ್ಯ ಗೆದ್ದರೆ ಅಲ್ಲೇ ಉಳಿಯುತ್ತಾರೆ, ಸೋತರೆ ಗಂಟುಮೂಟೆ ಕಟ್ಟಿಕೊಂಡು ಕೆಳಗಿನ ಗುಂಪಿಗೆ. ರಾಷ್ಟ್ರೀಯ ತಂಡ ಅನ್ನುವುದು ಹೆಸರಿಗೆ. ಎಲ್ಲರೂ ಹಗಲು ದುಡಿದು ಸಂಜೆ ಸ್ಕೇಟ್ ಕಟ್ಟುವವರೇ. ಕೋಚ್‌ನದು ಸೈಕಲ್ ಅಂಗಡಿ. ಗೋಲಿನಲ್ಲಿ ಕೂರುವವನು ಅವನ ಹೆಂಡತಿಯ ತಮ್ಮ. ಆ ಬಾಮೈದ ಶಾಲಾ ವ್ಯಾನ್ ಓಡಿಸುತ್ತಿದ್ದ. ಅವನ ಮಂಡಿ ಸವೆದಿತ್ತು. ಕೆಳಗೆ ಇಳಿದರೆ ತಂಡ ಮತ್ತೆ ಹತ್ತಬಹುದು, ಅವನ ಮಂಡಿ ಹತ್ತುವುದಿಲ್ಲ.

ಈ ಆಟದಲ್ಲಿ ಗೋಲಿ, ಅಂದರೆ ಗೋಲು ಕಾಯುವವನ ಕೆಲಸ ಕುಕ್ಕರುಗಾಲಲ್ಲಿ ಕೂತು ಕಲ್ಲಿನಂಥ ಚೆಂಡಿಗೆ ಮೈ ಒಡ್ಡುವುದು. ಅಷ್ಟೇ ಅಲ್ಲ. ತಮ್ಮವರ ಬೆನ್ನ ಹಿಂದೆ ಎದುರಾಳಿ ನುಸುಳುವುದು ಮೊದಲು ಕಾಣುವುದು ಅವನಿಗೇ. ಕೂಗಿ ಹೇಳೋಣವೆಂದರೆ ಮುಖಕ್ಕೆ ಜಾಲರಿ, ಸುತ್ತ ಜನರ ಗದ್ದಲ. ಅದಕ್ಕೇ ಬಾಮೈದ ಒಂದು ಭಾಷೆ ಮಾಡಿಕೊಂಡಿದ್ದ. ಎಡಗಡೆ ಕಳ್ಳ ಬಂದರೆ ಕೋಲಿನಿಂದ ನೆಲಕ್ಕೆ ಒಂದು ಬಡಿತ, ಬಲಗಡೆ ಬಂದರೆ ಎರಡು. ಬಡಿತ ಕೇಳಿದ ಕಡೆಗೆ ಜೊತೆಗಾರ ನುಗ್ಗುತ್ತಿದ್ದ, ಅದನ್ನು ನಂಬಿ ಬಾಮೈದ ಇನ್ನೊಂದು ಕಡೆ ಮುಚ್ಚುತ್ತಿದ್ದ. ಬಡಿದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ನಂಬಿಕೆಯ ಮೇಲೇ ತಂಡ ಇಲ್ಲಿಯವರೆಗೆ ಬಂದಿತ್ತು.

ಅವತ್ತು ಆ ನಂಬಿಕೆಯೇ ಕೈಕೊಟ್ಟಿತ್ತು. ಬಾಮೈದ ಬಲಕ್ಕೆ ಮುಚ್ಚಿದ, ಎಡಗಡೆ ಯಾರೂ ಬರಲಿಲ್ಲ, ಗೋಲು. ಎಡಕ್ಕೆ ಮುಚ್ಚಿದ, ಬಲಗಡೆ ಬಟಾಬಯಲು, ಇನ್ನೊಂದು ಗೋಲು.

ವಿರಾಮದಲ್ಲಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿದ್ದೇ ತಡ, ಕೋಚ್ ರಕ್ಷಣೆಗೆ ನಿಲ್ಲುವ ಲಂಬುವಿನ ಮೇಲೆ ಹರಿಹಾಯ್ದ.

"ಕಿವೀಲಿ ಹತ್ತಿ ಇಟ್ಕೊಂಡಿದ್ದೀಯೇನೋ? ಅವನು ಬಡಿತಾನೇ ಇದ್ದಾನೆ, ನೀನು ಮದುವೆ ಮನೇಲಿ ನಿಂತ ಹಾಗೆ ನಿಂತಿದ್ದೀಯ!"

"ಬಡಿದ್ರೆ ತಾನೇ ಕೋಚ್, ಕೇಳೋದು?" ಲಂಬು ಬೆವರು ಒರೆಸಿಕೊಳ್ಳುತ್ತಾ ಅಂದ. "ನಿಮ್ಮ ಬಾಮೈದನ್ನ ಕೇಳಿ, ನಿದ್ದೆ ಬಂದಿತ್ತಾ ಅಂತ."

"ನಿದ್ದೆನಾ?" ಬಾಮೈದ ಮುಖದ ಜಾಲರಿ ಎತ್ತಿದ. "ಬಡಿದು ಬಡಿದು ಹೆಗಲು ಕಳಚಿ ಬರ್ತಿದೆ. ಬಾ ಇಲ್ಲಿ, ನಿನ್ನ ತಲೆ ಮೇಲೆ ಬಡಿತೀನಿ, ಆಗಲಾದ್ರೂ ಕೇಳುತ್ತಾ ನೋಡೋಣ."

ಇಬ್ಬರೂ ಸುಳ್ಳು ಹೇಳುವವರಲ್ಲ. ಅದು ಕೋಚ್‌ಗೆ ಗೊತ್ತಿತ್ತು. ಬಾಮೈದನ ಕೈಯಿಂದ ಕೋಲು ಕಿತ್ತುಕೊಂಡು ಹೊರಗೆ ಹೋದ. ಖಾಲಿ ಅಂಗಳದ ಅಂಚಿನಲ್ಲಿ ಬಗ್ಗಿ ಜೋರಾಗಿ ಒಂದು ಬಡಿದ. ಹಾಸಿಗೆ ಮೇಲೆ ಬಡಿದ ಹಾಗಾಯಿತು. ಸದ್ದು ಅಲ್ಲೇ ಸತ್ತುಹೋಯಿತು.

ಇನ್ನೊಮ್ಮೆ ಬಡಿದ. ಅದೇ ಸತ್ತ ಸದ್ದು.

ಹಿಂದಿನ ಪಂದ್ಯಗಳೆಲ್ಲ ನಡೆದದ್ದು ಪಕ್ಕದ ಹಳೆಯ ಹಾಲ್‌ನಲ್ಲಿ, ಟೊಳ್ಳು ಹಲಗೆಯ ನೆಲದ ಮೇಲೆ. ಊರಿನಲ್ಲಿ ಅಭ್ಯಾಸ ಮಾಡಿದ್ದೂ ಅಂಥದ್ದೇ ನೆಲದಲ್ಲಿ. ಅಲ್ಲಿ ಬಡಿದರೆ ಡೋಲು ಬಾರಿಸಿದ ಹಾಗೆ. ಈ ಪಂದ್ಯ ಮಾತ್ರ ದೊಡ್ಡ ಹಾಲ್‌ಗೆ ಬಂದಿತ್ತು. ಇಲ್ಲಿ ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಜೋಡಿಸಿದ್ದರು. ಬೆಳಿಗ್ಗೆ ಎರಡೂ ತಂಡಗಳಿಗೆ ಇಲ್ಲಿ ಅಭ್ಯಾಸಕ್ಕೆ ಹೊತ್ತು ಕೊಟ್ಟಿದ್ದರು. ಹೋಗೋಣ ಎಂದು ಬಾಮೈದ ಅಂದಿದ್ದ. "ಮಲ್ಕೊಂಡು ಮಂಡಿ ನೋಡ್ಕೋ ಸಾಕು, ನೆಲ ನಾನು ನೋಡ್ತೀನಿ" ಎಂದವನು ಕೋಚ್. ಒಬ್ಬನೇ ಬಂದ, ಬಿಲ್ಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಜಾರುತ್ತದೆಂದು ಎಲ್ಲರ ಸ್ಕೇಟಿಗೂ ಮೆತ್ತನೆಯ ಚಕ್ರ ಹಾಕಿಸಿದ. ಚಕ್ರ ಸರಿಯಾಗೇ ಇತ್ತು, ಒಬ್ಬನೂ ಜಾರಿರಲಿಲ್ಲ. ಸೈಕಲ್ ಅಂಗಡಿಯವನಿಗೆ ಚಕ್ರ ಬಿಟ್ಟು ಬೇರೇನು ಕಾಣುತ್ತದೆ? ಕೋಲಿನಿಂದ ಒಂದೇ ಒಂದು ಸಲ ತಟ್ಟಿ ನೋಡಿದ್ದರೆ!

ಕೋಣೆಗೆ ವಾಪಸು ಬಂದು ನೆಲದ ಗೋಳು ಹೇಳಿದ. ತಪ್ಪು ತನ್ನದೆಂದು ಹೇಳಲು ನಾಲಿಗೆ ಹೊರಳಲಿಲ್ಲ. ಅದರ ಬದಲು, "ಇನ್ನೊಬ್ಬ ಗೋಲಿಯನ್ನ ಇಳಿಸ್ತೀನಿ. ಅವನ ಗಂಟಲು ದೊಡ್ಡದು, ಕೂಗಿದ್ರೆ ಬೀದಿಗೇ ಕೇಳುತ್ತೆ" ಎಂದ.

ಬಾಮೈದ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದವನು ತಲೆ ಎತ್ತಲಿಲ್ಲ. "ಸ್ವಲ್ಪ ಹೊತ್ತು ಬಿಡಿ ಭಾವ. ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಬರ್ತೀನಿ. ನೆಲ ಮೂಕ ಆದ್ರೆ ಆಗ್ಲಿ, ಗೋಲಿನ ಕಂಬ ಕಬ್ಬಿಣದ್ದು ತಾನೇ?"

ಅಷ್ಟು ಹೇಳಿ ಎದ್ದ. ಏಳುವಾಗ ಮಂಡಿ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು.

ಆಟ ಮತ್ತೆ ಶುರುವಾಯಿತು. ಎಡಗಂಬಕ್ಕೆ ಕೋಲು ತಾಗಿ ಠಣ್ ಎಂದಿತು. ಲಂಬು ಬೆಚ್ಚಿ ಎಡಕ್ಕೆ ನುಗ್ಗಿ ಚೆಂಡು ಕಸಿದ. ಬಲಗಂಬ ಠಣ್ ಎಂದಿತು, ಬಲಕ್ಕೆ ಗೋಡೆ ಎದ್ದಿತು. ರೆಫರಿ ಹುಬ್ಬು ಏರಿಸಿ ಕಂಬವನ್ನೊಮ್ಮೆ ನೋಡಿದ. ಗೋಲಿನ ಚೌಕಟ್ಟು ಜಾಗ ಬಿಟ್ಟು ಕದಲಿರಲಿಲ್ಲ, ಆಟ ಮುಂದುವರಿಸಿದ. ಕಂಬ ಬಡಿಯಲು ಕೈ ಚಾಚಿದರೆ ಆ ಗಳಿಗೆ ಮೈ ಬಯಲಾಗುತ್ತದೆ. ಬಾಮೈದ ಬಡಿದು, ಕೈ ಎಳೆದುಕೊಂಡು, ಸವೆದ ಮಂಡಿಯ ಮೇಲೇ ಹೊರಳಿ ಚೆಂಡಿಗೆ ಎದೆ ಕೊಡುತ್ತಿದ್ದ. ಹೀಗೂ ಒಬ್ಬ ಮನುಷ್ಯ ಆಡಬಹುದೇ ಎಂದು ಕೋಚ್ ಬಾಯಿ ಬಿಟ್ಟು ನಿಂತ. ಟೋಪಿ ತಲೆಯ ಮೇಲೇ ಇತ್ತು. ಹಿಂದೆ ಭದ್ರವಾದ ಮೇಲೆ ಮುಂದಿನವರಿಗೆ ರೆಕ್ಕೆ ಬಂತು. ಒಂದು ಗೋಲು, ಇನ್ನೊಂದು, ಮುಗಿಯಲು ಸ್ವಲ್ಪವೇ ಇರುವಾಗ ಮೂರನೆಯದು.

ಪ್ರೇಕ್ಷಕರ ಮೇಲಿನ ಸಾಲಿನಿಂದ ಕೋಚ್‌ನ ಹೆಂಡತಿ ಕಿರುಚಿದಳು: "ರೀ! ನನ್ನ ತಮ್ಮನ್ನ ಬೈದಿದ್ದು ಸಾಕು, ಈಗ ಚಪ್ಪಾಳೆ ಹೊಡೀರಿ!"

ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ರೆಫರಿ ಸೀಟಿ ಊದಿದ. ಲಂಬು ಯಾರದೋ ಕಾಲಿಗೆ ಕೋಲು ಹಾಕಿದ್ದ. ತಂಡದ ತಪ್ಪುಗಳು ಮಿತಿ ಮುಟ್ಟಿದ್ದವು. ಎದುರಾಳಿಗೆ ನೇರ ಹೊಡೆತ. ಒಬ್ಬ ಹೊಡೆಯುವವನು, ಒಬ್ಬ ಗೋಲಿ, ಮಿಕ್ಕವರೆಲ್ಲ ಅಂಗಳದ ಆಚೆ ತುದಿಗೆ. ಇದು ಒಳಗೆ ಹೋದರೆ ಸಮ. ಸಮವಾದರೆ ಹೆಚ್ಚಿನ ಆಟ, ಅಷ್ಟು ಹೊತ್ತು ಆ ಮಂಡಿ ತಡೆಯುವುದಿಲ್ಲ.

ಹೊಡೆಯಲು ಬಂದವನು ಎದುರಾಳಿಗಳ ನಾಯಕ. ಆ ಪಂದ್ಯಾವಳಿಯಲ್ಲೇ ಅವನಂಥ ಕೈ ಇನ್ನೊಂದಿರಲಿಲ್ಲ. ಚೆಂಡನ್ನು ಕೋಲಿಗೆ ಅಂಟಿಸಿಕೊಂಡವನಂತೆ ತೇಲುತ್ತಾ ಬಂದ.

ಠಣ್!

ಬಾಮೈದ ಎಡಗಂಬ ಬಡಿದಿದ್ದ.

"ಇವನಿಗೇನು ತಲೆ ಕೆಟ್ಟಿದ್ಯಾ?" ಕೋಚ್ ಚೀರಿದ. "ಯಾರನ್ನ ಕರೀತಿದ್ದಾನೆ? ಅಲ್ಲಿ ಯಾರೂ ಇಲ್ವಲ್ಲೋ!"

ನಾಯಕನಿಗೂ ಅದು ಕೇಳಿಸಿತು. ಈ ಅರ್ಧದ ಉದ್ದಕ್ಕೂ ಅವನು ಕಿವಿಗೊಟ್ಟು ಕಲಿತಿದ್ದ, ಎಡಗಂಬ ಬಡಿದರೆ ಗೋಲಿ ಬಲಕ್ಕೆ ಹೊರಳುತ್ತಾನೆಂದು. ಎಡಗಡೆ ಕಾಯಲು ಈಗ ಜೊತೆಗಾರನೂ ಇಲ್ಲ. ಕಣ್ಣು ಮುಚ್ಚಿಕೊಂಡು ಹೊಡೆಯಬಹುದಾದ ಗೋಲು. ಎಡಕ್ಕೇ ಹೊಡೆದ.

ಬಾಮೈದ ಎಡದಲ್ಲೇ ಕೂತಿದ್ದ. ಕದಲಿರಲೇ ಇಲ್ಲ. ಚೆಂಡು ಅವನ ಕಾಲಿನ ಪ್ಯಾಡಿಗೆ ದಪ್ಪೆಂದು ಬಡಿದು ಆಚೆ ಹೋಯಿತು. ಲಂಬು ಓಡಿ ಬಂದು ಅದನ್ನು ಅಂಚಿನ ಗೋಡೆಗೆ ಒತ್ತಿ ಹಿಡಿದ. ಆಟ ಮುಗಿದ ಗಂಟೆ ಹೊಡೆಯಿತು.

ಎಲ್ಲರೂ ಬಾಮೈದನ ಮೇಲೆ ಬಿದ್ದು ಕುಣಿದು ಎದ್ದ ಮೇಲೆ, ಆ ನಾಯಕ ನಿಧಾನವಾಗಿ ಗೋಲಿನ ಹತ್ತಿರ ಬಂದ. ಇವರ ಮಾತು ಅವನಿಗೆ ಬಾರದು, ಅವನ ಮಾತು ಇವರಿಗೆ ಬಾರದು. ಎಡಗಂಬಕ್ಕೆ ತನ್ನ ಕೋಲಿನಿಂದ ಒಂದು ಠಣ್ ಹಾಕಿದ. ತಲೆ ಬಾಗಿಸಿದ. ಹೋದ.

ಬಾಮೈದನಿಗೆ ಏಳಲಾಗಲಿಲ್ಲ. ಕೋಚ್ ಅವನ ಎದುರು ನೆಲಕ್ಕೆ ಕೂತು ಸ್ಕೇಟಿನ ಲೇಸ್ ಬಿಚ್ಚತೊಡಗಿದ.

"ಯಾರಿಗೆ ಬಡಿದಿದ್ದೋ?"

"ಅವನಿಗೇ ಭಾವ. ಅಷ್ಟು ಹೊತ್ತಿಂದ ನಮ್ಮ ಮಾತನ್ನ ಕದ್ದು ಕೇಳ್ತಿದ್ದ. ಪಾಪ, ಅವನಿಗೂ ಒಂದು ಹೇಳೋಣ ಅನ್ನಿಸ್ತು."

ಕೋಚ್‌ಗೆ ನಗು ಬಂತು. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಎಳೆದ. ತಲೆ ಎತ್ತದೆಯೇ ಅಂದ: "ಮುಂದಿನ ಸಲ ನೆಲ ಬಡಿದು ನೋಡ್ತೀನಿ ಕಣೋ."

"ಮುಂದಿನ ಸಲ ನಾನಿರಲ್ಲ ಭಾವ. ಈ ಮಂಡಿ ನೋಡಿ."

"ಬಾಯಿ ಮುಚ್ಚು" ಅಂದ ಕೋಚ್. ಸ್ಕೇಟನ್ನು ಮೆಲ್ಲಗೆ ಕಾಲಿಂದ ಬಿಡಿಸಿದ. ಬಾತುಕೊಂಡ ಮಂಡಿಯ ಕೆಳಗೆ ತನ್ನ ಟೋಪಿಯನ್ನು ಮಡಚಿ ಒತ್ತುಕೊಟ್ಟ.