ಹಳ್ಳದ ಅಳತೆ ಕಂಬ

ನಮ್ಮ ಊರಿಗೂ ಡಾಂಬರು ರಸ್ತೆಗೂ ಮಧ್ಯೆ ಒಂದು ಹಳ್ಳ. ಬಸ್ಸು ನಿಲ್ಲೋದು ಆಚೆ, ಮನೆಗಳಿರೋದು ಈಚೆ. ಪ್ರತಿ ವರ್ಷ ಮಳೆ ಹಿಡಿಯೋ ಮುಂಚೆ ಊರವರು ಸೇರಿ ದಿಮ್ಮಿ ಹಾಕಿ ಕಾಲುಸಂಕ ಕಟ್ತೀವಿ. ಆಗಸ್ಟಿನೊಳಗೆ ಹಳ್ಳ ಅದನ್ನ ಎತ್ಕೊಂಡು ಹೋಗುತ್ತೆ. ಆಮೇಲೆ ಮಕ್ಕಳಿಗೆ ಶಾಲೆ ಇಲ್ಲ. ಅರ್ಜಿ ಬರೆದೂ ಬರೆದೂ ಸಾಕಾಗಿದೆ.

ನಾನು ದಿನೇಶ್. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ರಿಪ್ಪನ್‌ಪೇಟೆಯಲ್ಲಿ ವೆಲ್ಡಿಂಗ್ ಕಲಿತವನು. ತಂಗಿ ಭವ್ಯಾ ಇಂಜಿನಿಯರಿಂಗ್ ಮೂರನೇ ವರ್ಷ ಮುಗಿಸಿದ್ದಾಳೆ. ಮೊದಲ ವರ್ಷದಿಂದಲೂ ಅವಳು ಕಾಲೇಜಿನ ಸಂಕದ ತಂಡದಲ್ಲಿದ್ದಾಳೆ. ನಮ್ಮ ಹಳ್ಳಕ್ಕೆ ಕಬ್ಬಿಣದ ಸಂಕ ಮಾಡೋದು ಆ ತಂಡದ ಕೆಲಸ.

ಈ ಮೇ ತಿಂಗಳಲ್ಲಿ ಅವಳು ಅಪ್ಪನ ಮುಂದೆ ಒಂದು ಕಾಗದ ಇಟ್ಟಳು. ಕೊನೇ ವರ್ಷವೂ ತಂಡದಲ್ಲಿರಬೇಕು, ರಜೆಯಲ್ಲೂ ಕೆಲಸ ಮಾಡಬೇಕು, ಅದಕ್ಕೆ ಮನೆಯವರ ಸಹಿ ಬೇಕು. ಜೊತೆಗೆ ಅವಳಿಗಿಂತ ಒಂದು ವರ್ಷ ಮುಂದಿರುವ ವಿನಯಾ ಬಂದಿದ್ದಳು. ತೀರ್ಥಹಳ್ಳಿ ಕಡೆಯವಳು.

ಅಪ್ಪ ಬೆಳ್ಳಪ್ಪ ಕಾಗದ ಮುಟ್ಟಲಿಲ್ಲ. "ಸಾಕು ಮಗಾ. ಕೊನೇ ವರ್ಷ ಓದ್ಕೊಂಡು ಪಾಸಾಗು."

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಎರಡು ಮಳೆಗಾಲ ಹೋಯ್ತು, ಒಂದು ಹಲಗೆ ಹಾಕಿದ್ರಾ? ನಂಗೆ ಕಬ್ಬಿಣ ತಂದ್ಕೊಡಿ, ಎಂಟು ದಿನಕ್ಕೆ ಸಂಕ ನಿಲ್ಲಿಸ್ತೀನಿ."

"ಎಷ್ಟು ಎತ್ತರಕ್ಕೆ ನಿಲ್ಲಿಸ್ತೀರಿ ದಿನೇಶಣ್ಣ?" ವಿನಯಾ ಕೇಳಿದಳು.

"ಈಗಿನ ದಿಮ್ಮಿಗಿಂತ ಎರಡು ಮೊಳ ಮೇಲೆ."

"ನಾವೂ ಮೊದಲ ವರ್ಷ ಅಷ್ಟೇ ಬರೆದಿದ್ವಿ." ಅವಳು ಚೀಲದಿಂದ ದಪ್ಪ ಪುಸ್ತಕ ತೆಗೆದಳು. "ಹೋದ ಜುಲೈಯಲ್ಲಿ ನೀರು ದಿಮ್ಮಿಗಿಂತ ಮೂರು ಮೊಳ ಮೇಲೆ ಹರಿದಿದೆ. ನಿಮ್ಮ ಸಂಕ ಇಷ್ಟೊತ್ತಿಗೆ ಲಿಂಗನಮಕ್ಕಿ ಡ್ಯಾಮಲ್ಲಿ ಇರ್ತಿತ್ತು."

ಒಳಗಿಂದ ಅಮ್ಮ ನಕ್ಕಿದ್ದು ಕೇಳಿಸಿತು. ಆ ಅಳತೆ ಕೊಟ್ಟವಳು ಅವಳೇ. ತಂಡದವರು ಪ್ರತಿ ಮಳೆಗಾಲಕ್ಕೂ ಹಳ್ಳದಲ್ಲಿ ಕೆಂಪು-ಬಿಳಿ ಪಟ್ಟೆಯ ಕಂಬ ನೆಡ್ತಿದ್ದರು. ನೀರು ಎಷ್ಟನೇ ಪಟ್ಟೆಗೆ ಬಂತು ಅಂತ ಅಮ್ಮ ದಿನಾ ಬೆಳಿಗ್ಗೆ ಭವ್ಯಾಗೆ ಫೋನು ಮಾಡೋಳು.

"ಅದೆಲ್ಲ ಸರಿ ತಂಗಿ," ಅಪ್ಪ ವಿನಯಾಗೆ ಅಂದ. "ಇವಳ ಮಾರ್ಕ್ಸು ಹಾಳಾದ್ರೆ?"

"ಇದಕ್ಕೂ ಮಾರ್ಕ್ಸ್ ಇದೆ ಮಾವ. ಬಿಡುವಿದ್ದಾಗ ಸೇರೋ ಕ್ಲಬ್ ಅಲ್ಲ ಇದು. ಇದಕ್ಕೇ ಅಂತ ಒಂದು ಕೋರ್ಸ್ ಇದೆ, ಮೇಷ್ಟ್ರಿದ್ದಾರೆ, ಪ್ರತಿ ಶನಿವಾರ ಪಾಠ. ನಂಗೆ ಕಲಿಸಿದ್ದು ನನ್ನ ಸೀನಿಯರ್‌ಗಳು, ಭವ್ಯಾಗೆ ಕಲಿಸಿದ್ದು ನಾನು. ಮುಂದಿನ ತಿಂಗಳು ನಾನು ಕಾಲೇಜು ಬಿಡ್ತೀನಿ. ಇವಳೂ ಬಿಟ್ರೆ ಈ ಹಳ್ಳ ಗೊತ್ತಿರೋರು ಯಾರೂ ಉಳಿಯಲ್ಲ. ಹೊಸಬರು ಮತ್ತೆ ಒಂದನೇ ಪುಟದಿಂದ ಶುರು ಮಾಡ್ಬೇಕು. ಒಂದೇ ಮಳೆಗಾಲದ ಅಳತೆ ನಂಬಿ ಸಂಕ ಕಟ್ಟೋಕಾಗಲ್ಲ. ಎರಡಾದ್ರೂ ಬೇಕು, ನಮ್ಮತ್ರ ಪೂರ್ತಿ ಇರೋದು ಹೋದ ವರ್ಷದ್ದೊಂದೇ."

"ಹಂಗಾದ್ರೆ ಮೊದಲನೇ ಮಳೆಗಾಲ ಎಂತ ಮಾಡ್ತಿದ್ರಿ, ನಿದ್ದೆಯಾ?" ನಾನು ಬಿಡಲಿಲ್ಲ.

ವಿನಯಾ ಹಿಂದಿನ ಪುಟ ತಿರುಗಿಸಿದಳು. ಜೂನ್ ಪೂರ್ತಿ ಅಂಕಿಗಳು. ಜುಲೈ ಎಂಟಕ್ಕೆ ನಿಂತಿದ್ದವು. ಕೆಳಗೆ ಭವ್ಯಾಳ ಅಕ್ಷರ: 'ಕಂಬ ನೀರಿಗೆ ಹೋಯಿತೆಂದು ಅಮ್ಮ ತಿಳಿಸಿದ್ದಾರೆ.'

ಆ ಕಂಬ ಎಲ್ಲಿಗೆ ಹೋಯ್ತು ಅಂತ ನಂಗೆ ಗೊತ್ತಿತ್ತು.

ಆ ಮೊದಲ ಮಳೆಗಾಲದ ಜುಲೈಯಲ್ಲಿ ಅಮ್ಮ ಸಂಕದ ಮೇಲೆ ಜಾರಿದ್ದಳು. ದಾಟುವಾಗ ಹಿಡ್ಕೊಳ್ಳೋ ಹಿಡಿಕೆಗೆ ಗಟ್ಟಿ ಕೋಲು ಬೇಕಿತ್ತು. ಒಂದು ತಿಂಗಳು ಅಳೆದಾಯ್ತಲ್ಲ, ಇನ್ನೆಂತ ಅಳತೆ ಅಂತ ನಾನೇ ಕಂಬ ಕಿತ್ತು ಸಂಕಕ್ಕೆ ಕಟ್ಟಿದ್ದೆ.

"ಕಿತ್ತಿದ್ದು ನಾನು," ಅಂದೆ.

ಭವ್ಯಾ ಅಮ್ಮನ ಕಡೆ ತಿರುಗಿದಳು. "ನೀರಿಗೆ ಹೋಯ್ತು ಅಂದ್ಯಲ್ಲಮ್ಮಾ!"

"ಸುಳ್ಳೆಂತ ಮಾರಾಯ್ತಿ? ಆಗಸ್ಟಲ್ಲಿ ಸಂಕದ ಜೊತೆ ಹೋಯ್ತಲ್ಲ. ನಾನು ಒಂದು ತಿಂಗಳು ಮುಂಚೆ ಹೇಳಿದೆ ಅಷ್ಟೆ."

ಭವ್ಯಾ ಜಗಳಕ್ಕೆ ನಿಲ್ತಾಳೆ ಅಂದ್ಕೊಂಡಿದ್ದೆ. ಅವಳು ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದಳು. "ಅಣ್ಣ, ಅಮ್ಮನ ಕೈಗೆ ಸಿಗೋ ಹಾಗೆ ಎಷ್ಟು ಎತ್ತರಕ್ಕೆ ಕಟ್ಟಿದ್ದೆ? ನಮ್ಮ ನಕ್ಷೆಯಲ್ಲಿ ಹಿಡಿಕೆ ಮೇಲಾಯ್ತು ಅನ್ಸುತ್ತೆ."

ನಾನು ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದೆ. ಅವಳು ಬರೆದುಕೊಂಡಳು.

ಅಪ್ಪ ಕಾಗದ ಎಳ್ಕೊಂಡ. "ಆ ಪೆನ್ನು ಇತ್ಲಾಗೆ ಕೊಡು ಮಗಾ."

ಈ ಮಳೆಗಾಲದ ಕಂಬ ನಾನೇ ನೆಟ್ಟಿದ್ದೀನಿ, ಬುಡಕ್ಕೆ ಕಾಂಕ್ರೀಟು ಹಾಕಿ. ನೀರಿಳಿದ ಮೇಲೆ ಸಂಕದ ಕೆಲಸ. ವೆಲ್ಡಿಂಗ್ ನಂದು.

ಮಕ್ಕಳನ್ನ ಇಂಜಿನಿಯರಿಂಗಿಗೆ ಕಳಿಸಿದ ಅಪ್ಪ-ಅಮ್ಮಂದಿರೇ, ಅಣ್ಣಂದಿರೇ, ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿಯವರೇ ಆಗಿ, ಕಾಲೇಜಿಗೆ ಹೋದಾಗ ಫಲಿತಾಂಶ ಮಾತ್ರ ಕೇಳಿ ವಾಪಸ್ ಬರಬೇಡಿ. ವರ್ಷಗಟ್ಟಲೆ ನಡೆಯೋ ಇಂಥ ತಂಡ ಇದೆಯಾ, ಅದಕ್ಕೆ ಅಂತಲೇ ಕೋರ್ಸು, ಮೇಷ್ಟ್ರು, ಮಾರ್ಕ್ಸು ಇದೆಯಾ ಕೇಳಿ. ಇಲ್ಲ ಅಂದ್ರೆ ಯಾಕಿಲ್ಲ ಅಂತ ಜೋರಾಗೇ ಕೇಳಿ. ಎರಡು ದಿನದ ಶಿಬಿರ, ಒಂದು ಫೋಟೊ, ಒಂದು ಸರ್ಟಿಫಿಕೇಟು ಕೊಟ್ಟು ಕಳಿಸಿದ್ರೆ ತಲೆ ಆಡಿಸಬೇಡಿ. ಮಕ್ಕಳು ಸೇರಿದ ಮೇಲೆ ನಡುವೆ ಬಿಡಿಸಬೇಡಿ. "ಏನು ಕಡಿದ್ರಿ?" ಅಂತ ಹಂಗಿಸಲೂ ಬೇಡಿ. ನಾನು ಎರಡು ವರ್ಷ ಹಂಗಿಸಿದೆ, ಕಂಬ ಕಿತ್ತಿದ್ದು ನನ್ನ ಕೈಯೇ.

ನಿಮ್ಮ ಕೈಲಾದ್ರೆ ನಮ್ಮಮ್ಮನ ಹಾಗೆ ಬೆಳಿಗ್ಗೆ ಎದ್ದು ಒಂದು ಫೋನು ಮಾಡಿ. ನೀರು ಎಷ್ಟು ಬಂತು ಹೇಳಿ.