ಕಿಟಕಿ ಕಡೆಯ ನಿದ್ದೆ

ಕಾಲಬೆರಳಿಗೆ ಏನೋ ತಣ್ಣಗೆ ತಾಗಿತು, ಜಾರಿ ದೂರ ಹೋಯಿತು, ಮತ್ತೆ ಬಂದು ತಾಗಿತು, ಯಾರದೋ ಡಬ್ಬಿಯ ಮುಚ್ಚಳ ಇರಬೇಕು, ಇರಲಿ ಬಿಡು ಎಂದು ವಿಶಾಖಾ ಕಣ್ಣು ತೆರೆಯಲಿಲ್ಲ, ತೊರವಿಯ ರಸ್ತೆಯುಬ್ಬಿನ ಮೇಲೆ ಬಸ್ಸು ಕುಣಿದದ್ದು ನಿದ್ದೆಯೊಳಗೇ ತಿಳಿದಿತ್ತು, ತಿಕೋಟಾ ಇನ್ನೂ ದೂರ, ಗಾಂಧಿ ಚೌಕದ ಸೀರೆ ಅಂಗಡಿಯಲ್ಲಿ ಮುಂಜಾನೆಯಿಂದ ನಿಂತೇ ಇದ್ದ ಕಾಲುಗಳು ಈಗ ಚಪ್ಪಲಿ ಬಿಟ್ಟು ಹಾಯಾಗಿವೆ, ಅವನ್ನು ಎಬ್ಬಿಸುವ ಪಾಪ ಯಾರಿಗೆ ಬೇಕು — ಆದರೆ ಅದು ಇನ್ನೊಮ್ಮೆ ಬಂದು ತಾಗಿದಾಗ ಬಗ್ಗಿ ತಡವಿದಳು, ಮುಚ್ಚಳವಲ್ಲ, ಫೋನು, ಮಗುಚಿ ಬಿದ್ದಿತ್ತು, ಅಯ್ಯ ನನ್ನದೇ ಬಿತ್ತೇನು ಎಂದು ತಿರುಗಿಸಿದಳು, ಪರದೆ ಇನ್ನೂ ಬೆಳಗುತ್ತಲೇ ಇತ್ತು, ಕ್ಯಾಮರಾ ತೆರೆದಿತ್ತು, ಕೆಳಗಿನ ಮೂಲೆಯ ಚಿಕ್ಕ ಚಿತ್ರದಲ್ಲಿ ಏನೋ ಹಳದಿ, ಅದನ್ನು ಮುಟ್ಟಿದಳು, ಚಿತ್ರ ದೊಡ್ಡದಾಯಿತು, ಅದರಲ್ಲಿದ್ದವಳು ವಿಶಾಖಾ. ಕಿಟಕಿಗೆ ಒರಗಿದ ತಲೆ, ಮುಚ್ಚಿದ ಕಣ್ಣು, ಬಾಯಿ ಒಂದಿಷ್ಟು ತೆರೆದಿದೆ, ತುಟಿಯ ಅಂಚಿನಲ್ಲಿ ಜೊಲ್ಲಿನ ಹೊಳಪು. ಹಾಗಾದರೆ ಫೋನು ನನ್ನದೇ, ನಾನು ನನ್ನ ಫೋನಿನಲ್ಲಲ್ಲದೆ ಇನ್ನಾರ ಫೋನಿನಲ್ಲಿ ಇರಬೇಕು ಎಂದು ಬುದ್ಧಿ ಒಂದು ಗಳಿಗೆ ಸಮಾಧಾನದಿಂದ ಕೂತಿತು, ಆಮೇಲೆ ಕೈ ಬ್ಯಾಗಿನೊಳಗೆ ಹೋಯಿತು, ಅಲ್ಲಿ ಊಟದ ಡಬ್ಬಿಯ ಪಕ್ಕದಲ್ಲಿ ಅವಳ ಫೋನು, ಗಾಜು ಬಿರುಕುಬಿಟ್ಟದ್ದು, ತಮ್ಮ ಗೌತಮ ಟೇಪು ಹಚ್ಚಿಕೊಟ್ಟದ್ದು, ಇದ್ದಲ್ಲಿಯೇ ಇತ್ತು. ಮಲಗಿದವಳು ತನ್ನ ಫೋಟೊ ತಾನು ಹೇಗೆ ತೆಗೆದುಕೊಂಡಾಳು. ಇದರ ಹಿಂದೆ ಇನ್ನೇನಿದೆ ನೋಡೋಣ ಎಂದು ಬೆರಳು ಸರಿಸಿದಳು, ಫೋನು ತಡೆಯಿತು, ಮುಂದಿನದಕ್ಕೆ ಲಾಕ್ ತೆಗೆಯಬೇಕು, ಬೆರಳಚ್ಚು ಇಡು, ಇಲ್ಲವೇ ಅಂಕಿ ಒತ್ತು, ತನ್ನ ಹೆಬ್ಬೆರಳನ್ನೇ ಇಟ್ಟು ನೋಡಿದಳು, ಮುಖ ಅವಳದು ನಡೆಯುತ್ತದಂತೆ, ಬೆರಳು ಮಾತ್ರ ಮಾಲಕನದೇ ಬೇಕಂತೆ, ಫೋನು ಗುರ್ ಎಂದು ನಡುಗಿತು, ಪರದೆ ಕಪ್ಪಾಯಿತು.

ಇವತ್ತಿನದೇ ಫೋಟೊ, ಈ ಹಳದಿ ಓಢಣಿ ಹೊದ್ದದ್ದೇ ಇವತ್ತು, ಆಮ್ರಪಾಲಿ ಕಾಕು ಕೊಟ್ಟು ತಿಂಗಳಾದರೂ ಟ್ರಂಕಿನಲ್ಲೇ ಇತ್ತು, ಅಂದರೆ ತೆಗೆದದ್ದು ಈಗ, ಆ ಉಬ್ಬಿಗಿಂತ ಸ್ವಲ್ಪ ಮುಂಚೆ, ಬಸ್ಸು ಕುಣಿದಾಗ ಕೈಯಿಂದ ಹಾರಿಬಿದ್ದಿದೆ, ತೆಗೆದವನು ಬಸ್ಸಿನಲ್ಲೇ ಇದ್ದಾನೆ, ಯಾರದ್ರೀ ಫೋನು ಎಂದು ಇವಳು ಕೂಗಿಲ್ಲ ಸರಿ, ನನ್ನ ಫೋನು ಬಿತ್ತು ಎಂದು ಅವನೂ ಕೂಗುತ್ತಿಲ್ಲ. ಕಿಟಕಿಯಿಂದ ಆಚೆ ಒಗೆದುಬಿಡಲೇ, ಹೊರಗೆ ದ್ರಾಕ್ಷಿ ತೋಟ, ಬಿದ್ದರೆ ಯಾರಿಗೂ ಸಿಗದು, ಆದರೆ ಗೌತಮ ಒಮ್ಮೆ ಹೇಳಿದ್ದ, ಫೋನ್ ಚೂರಾದ್ರೂ ಫೋಟೊ ಎಲ್ಲೋ ಮ್ಯಾಲ ಉಳಕೊಂಡಿರ್ತಾವಕ್ಕಾ. ಮನೆಗೆ ಒಯ್ಯಲೇ, ಒಯ್ದರೆ ಅವ್ವ ಕೇಳುತ್ತಾಳೆ, ಪರಸವ್ವ ಬೈಯುವುದು ಅವನನ್ನಲ್ಲ, ನೀ ಯಾಕ ಮಲಗತಿ ಬಸ್ಸಿನಾಗ, ಎಚ್ಚರಿದ್ದು ಕೂಡಾಕ ನಿನಗೇನ ಧಾಡಿ. ಅಪ್ಪ ಬೈಯುವುದೂ ಇಲ್ಲ, ಭಾಗಪ್ಪ ಸುಮ್ಮನೆ ಹೇಳುತ್ತಾನೆ, ಸಾಕವಾ ನೌಕರಿ, ನಾಳಿಂದ ಬ್ಯಾಡ. ಕೆಟ್ಟವನಲ್ಲ ಅಪ್ಪ, ಅಂಗಡಿಗೆ ಮೊದಲ ದಿನ ತಾನೇ ಕರೆತಂದು ಬಿಟ್ಟವನು, ಆದರೆ ಕಾಕಾನ ಮಗಳು ಸಪ್ನಾಳದು ಏನಾಯಿತು, ಯಾವನೋ ಹಿಂದೆ ಬಿದ್ದ, ತಪ್ಪು ಅವನದು, ಕಾಲೇಜು ಬಿಟ್ಟವಳು ಸಪ್ನಾ, ಈಗ ರೊಟ್ಟಿ ಬಡಿಯುತ್ತಾಳೆ, ಚೆನ್ನಾಗಿಯೇ ಬಡಿಯುತ್ತಾಳೆ. ಇಲ್ಲ, ಮನೆಗೆ ಒಯ್ಯಬಾರದು. ಮತ್ತೆ ಆ ಮುಖ ಕಣ್ಣಿಗೆ ಬಂತು, ಬಾಯಿ ಒಂದಿಷ್ಟು ತೆರೆದ ಮುಖ, ಮಲಗಿದಾಗ ತಾನು ಹೀಗೆ ಕಾಣುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ, ಅವ್ವನ ಹಾಗೆಯೇ ಇದ್ದೇನಲ್ಲ ಎನಿಸಿತು, ಸಿಟ್ಟು ಬಂತು, ದಿನಕ್ಕೊಮ್ಮೆ ಸಿಗುವ ಒಂದು ನಿದ್ದೆ ಇದು, ನಸುಕಿನಲ್ಲಿ ಎದ್ದು ನೀರು, ರೊಟ್ಟಿ, ಪಲ್ಯ, ಆಮೇಲೆ ಬಿಚ್ಚಿ ಹರವಿದ ಸೀರೆ ಮತ್ತೆ ಮಡಿಚಿ ಇಡು, ಇನ್ನೊಂದ್ ತೋರಸ್ರಿ, ಅದರಾಗ ಗುಲಾಬಿ ಇಲ್ಲೇನ್ರಿ, ಕೂಡಲು ಸ್ಟೂಲಿಲ್ಲ, ಮನೆಗೆ ಹೋದರೆ ಮತ್ತೆ ಒಲೆ, ನಡುವೆ ಈ ಬಸ್ಸೊಂದೇ, ಇಲ್ಲಿ ಯಾರೂ ಏನೂ ಬೇಡುವುದಿಲ್ಲ, ಕಂಡಕ್ಟರ್ ಲಾಲಸಾಬ ಕಾಕಾ ತಾನಾಗಿಯೇ ಎಬ್ಬಿಸುತ್ತಾರೆ, ಏಳವಾ, ತಿಕೋಟಾ ಬಂತು. ಇವಳೊಬ್ಬಳೇ ಅಲ್ಲ, ಮುಂದಿನ ಸೀಟಿನಲ್ಲಿ ಇರ್ಫಾನಾ ಸಿಸ್ಟರ್, ದವಾಖಾನೆಯಲ್ಲಿ ದಿನವಿಡೀ ಓಡಾಡಿ ಬಂದು ಬಸ್ಸು ಹತ್ತಿದಳೆಂದರೆ ಗಾಜಿಗೆ ತಲೆ ಕೊಟ್ಟಳೆಂದೇ ಲೆಕ್ಕ, ಬಸ್ಸು ತಿಕೋಟಾದಿಂದ ತಿರುಗಿ ಬಬಲೇಶ್ವರಕ್ಕೆ ಹೋಗುವುದು, ಆಕೆಯ ಊರು ಅದು, ಇನ್ನೂ ಉದ್ದ ನಿದ್ದೆ ಎಂದು ವಿಶಾಖಾಗೆ ಹೊಟ್ಟೆಕಿಚ್ಚು. ಈ ಫೋಟೊ ತೆಗೆದದ್ದು ಬಲಗಡೆಯಿಂದ, ಸ್ವಲ್ಪ ಹಿಂದಿನಿಂದ, ಕೂತವನ ಎತ್ತರದಿಂದ — ಬಲಗಡೆ ಸ್ವಲ್ಪ ಹಿಂದೆ ಯಾರು, ತಿರುಗಿ ನೋಡದೆಯೂ ಗೊತ್ತು, ಸಾಹೇಬರು, ಹೆಸರು ಗೊತ್ತಿಲ್ಲ, ಯಾವುದೋ ಕಚೇರಿಯವರು, ಎಲ್ಲರೂ ಸಾಹೇಬ್ರ ಅನ್ನುತ್ತಾರೆ, ಮಡಿಕೆ ಬೀಳದ ಅಂಗಿ, ಪೇಪರು ಎತ್ತಿ ಹಿಡಿದರೆ ಇಳಿಯುವವರೆಗೂ ಇಳಿಸದವರು, ವಯಸ್ಸಾದವರಿಗೆ ಎದ್ದು ಜಾಗ ಬಿಡುವವರು, ಛೇ, ಅವರಲ್ಲ — ಬಾ ತಂಗಿ, ಕಿಟಕಿ ಕಡೆ ನೀ ಕೂಡು, ನಿನಗ ಗಾಳಿ ಬೇಕು, ಎಂದು ಮಳೆಗಾಲದಲ್ಲೊಮ್ಮೆ ತಮ್ಮ ಸೀಟೇ ಬಿಟ್ಟುಕೊಟ್ಟಿದ್ದರು, ಬುಟ್ಟಿ ಹೊತ್ತು ಸಂತೆಗೆ ಬಂದುಹೋಗುವ ಲಕ್ಕವ್ವ ಆಯಿಗೂ ಬಿಟ್ಟುಕೊಟ್ಟಿದ್ದರು, ಎಷ್ಟು ಒಳ್ಳೆಯ ಮನುಷ್ಯ ಎಂದು ಅವ್ವನ ಮುಂದೆ ಹೊಗಳಿದ್ದಳು ಇವಳು — ಕಿಟಕಿ ಕಡೆ ಬೆಳಕು ಚೆನ್ನಾಗಿರುತ್ತದೆ.

ತಂಗಿ, ನಂದ ಬಿದ್ದಿತ್ತ ನೋಡು, ಕೊಡು. ಕೈ ಬಂದಿದೆ, ಸ್ವಚ್ಛ ಉಗುರು, ಧ್ವನಿಯಲ್ಲಿ ಎಂದಿನ ಮೆದು, ಪೇಪರು ಕಂಕುಳಲ್ಲಿ, ಇಷ್ಟು ಹೊತ್ತೂ ಕಾಲಾಡಿಸಿ ಹುಡುಕಿರಬೇಕು ಪಾಪ. ವಿಶಾಖಾ ಕೊಡಲಿಲ್ಲ, ಕಂಡಕ್ಟರ್ ಕೈಯಾಗ ಕೊಡತೇನ್ರಿ ಎಂದಳು, ಅವಳ ಧ್ವನಿ ಅವಳಿಗೇ ಅಂಗಡಿಯ ಧ್ವನಿಯಂತೆ ಕೇಳಿತು, ಬಿಲ್ ಅಲ್ಲೇ ಮಾಡಸ್ರಿ ಎನ್ನುವಾಗಿನದು. ಲಾಲಸಾಬ ಕಾಕಾ ನಿಂತವರನ್ನು ಸರಿಸುತ್ತ ಬಂದರು, ಏನವಾ, ಫೋನ್ ಸಿಕ್ಕೈತೇನು, ಸಾಹೇಬ್ರ ನಿಮ್ಮದೇನ್ರಿ, ಸಿಟ್ಟಾಗಬ್ಯಾಡ್ರಿ, ನಮ್ಮ ಬಸ್ಸಿನಾಗ ಒಂದ ಕಾನೂನು, ಲಾಕ್ ತಗದವರದ ಫೋನು, ಹ್ವಾದ ಸಲ ಯಾರೋ ನಂದಂತ ಹೇಳಿ ಒಯ್ದು ನಾ ಬೈಸಿಕೊಂಡೇನಿ. ನಂದರೀ ಅದು, ನನ್ನ ಕೈಯಾಗ ಕೊಡ್ರಿ, ತಗದು ತೋರಸ್ತೇನಿ ಎಂದರು ಸಾಹೇಬರು. ವಿಶಾಖಾ ಎರಡೂ ಕೈಯಿಂದ ಹಿಡಿದಳು, ನನ್ನ ಕೈಯಾಗ ಇರಲ್ರಿ, ನೀವು ಹೆಬ್ಬಟ್ಟ ಇಡ್ರಿ. ಸಾಹೇಬರು ನಕ್ಕರು, ಸುತ್ತ ನೋಡಿದರು, ಎಲ್ಲರೂ ನೋಡುತ್ತಿದ್ದಾರೆ, ಬಸ್ಸಿನಲ್ಲಿ ಇನ್ನೇನು ಕೆಲಸ, ಇಡ್ರಿ ಸಾಹೇಬ್ರ, ಒಂದ ಬಟ್ಟಿಂದು ಏನದ ಎಂದರು ಯಾರೋ, ಹೆಬ್ಬೆರಳು ಬಂತು, ಗಾಜಿನ ಮೇಲೆ ಕೂತಿತು, ಬೆವರಿತ್ತೇನೋ, ಒಂದು ಸಲಕ್ಕೆ ಆಗಲಿಲ್ಲ, ಅಂಗಿಗೆ ಒರೆಸಿ ಮತ್ತೆ ಇಟ್ಟರು, ತೆರೆಯಿತು, ಅಷ್ಟರಲ್ಲಿ ವಿಶಾಖಾ ಫೋನನ್ನು ಎದೆಗೆ ಎಳೆದುಕೊಂಡಿದ್ದಳು. ಹೌದ್ ನೋಡು, ಅವರದ ಐತಿ, ಕೊಟ್ಟಬಿಡವಾ ಎಂದರು ಕಾಕಾ. ಅವಳ ಬೆರಳು ಫೋಟೊಗಳ ಮೇಲೆ ಹೋಯಿತು — ಹಳದಿ ಓಢಣಿಯ ವಿಶಾಖಾ, ನಿನ್ನೆಯ ನೀಲಿ ಚೂಡಿದಾರದ ವಿಶಾಖಾ, ಬಾಯಿ ತೆರೆದಿದೆ, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟ ಲಕ್ಕವ್ವ ಆಯಿ, ಬಾಯಿ ತೆರೆದಿದೆ, ಸಮವಸ್ತ್ರದ ಸಾಲಿ ಹುಡುಗಿಯೊಂದು, ಯಾರೋ ಗೊತ್ತಿಲ್ಲ, ಇರ್ಫಾನಾ ಸಿಸ್ಟರ್, ಸಿಸ್ಟರ್, ಮತ್ತೆ ಸಿಸ್ಟರ್, ತಲೆಯ ಬಟ್ಟೆ ಜಾರಿದ ಸಿಸ್ಟರ್, ಎಲ್ಲರೂ ಕಿಟಕಿಗೆ ಒರಗಿದ್ದಾರೆ, ಎಲ್ಲರೂ ನಿದ್ದೆಯಲ್ಲಿ. ಎಚ್ಚರಿದ್ದವಳ ಫೋಟೊ ಒಂದೂ ಇಲ್ಲ. ಸಾಹೇಬರು ಬಗ್ಗಿದರು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, ಬರೇ ಹವ್ಯಾಸ ತಂಗಿ, ಕೆಟ್ಟದ್ದೇನಿಲ್ಲ, ನಿಂದಷ್ಟು ಅಳಿಸಿ ಕೊಡು, ಯಾರಿಗೂ ಗೊತ್ತಾಗೂದಿಲ್ಲ, ನಿನಗೂ ಮನಿ ಅದ, ನೌಕರಿ ಅದ.

ಅದೂ ನಿಜವೇ, ಅದೇ ಸುಲಭ, ತನ್ನದಷ್ಟು ಅಳಿಸಿದರೆ ಅಪ್ಪನಿಗೆ ತಿಳಿಯದು, ನಾಳೆ ಅಂಗಡಿ ಇರುತ್ತದೆ, ಬಸ್ಸು ಇರುತ್ತದೆ, ನಿದ್ದೆಯೊಂದು ಇರಲಿಕ್ಕಿಲ್ಲ, ಹೋಗಲಿ, ಕಣ್ಣು ತೆರೆದು ಕೂಡಬಹುದು, ಬೆರಳು ನೀಲಿ ಚೂಡಿದಾರವನ್ನು ಒತ್ತಿ ಹಿಡಿಯಿತು, ಕಸದ ಡಬ್ಬಿಯ ಗುರುತು ಬಂತು, ಒಂದು ಒತ್ತಿದರೆ ಆಯಿತು, ಏನಾತವಾ, ಕೊಟ್ಟಬಿಡು ಎಂದರು ಲಾಲಸಾಬ ಕಾಕಾ, ಪರದೆ ಮಂಕಾಗತೊಡಗಿತು, ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಆಮೇಲೆ ಆ ಹೆಬ್ಬೆರಳು ಇನ್ನೊಮ್ಮೆ ಬರುವುದಿಲ್ಲ, ಇಷ್ಟೂ ಜನ ಒಳಗೇ ಉಳಿದುಬಿಡುತ್ತಾರೆ, ಅವಳು ಗಾಜನ್ನು ತಟ್ಟಿದಳು, ಮುಖಗಳು ಬೆಳಗಿದವು, ಮತ್ತೆ ಮಂಕಾದವು, ಮತ್ತೆ ತಟ್ಟಿದಳು. ಕಾಕಾ, ಬಸ್ ನಿಲ್ಲಸ್ರಿ, ಇದರಾಗ ನಾ ಅದೀನಿ, ಎಂದಳು, ಜೋರಾಗಿಯೇ, ಹಿಂದಿನ ಸೀಟಿಗೂ ಕೇಳುವ ಹಾಗೆ, ಆದದ್ದಾಗಲಿ, ನನ್ನಂಗ ಎಲ್ಲಾರೂ ಅದಾರ. ಕಾಕಾ ಸೀಟಿ ಊದಿದರು, ಬಸ್ಸು ಕಿರ್ರೆಂದು ರಸ್ತೆಯ ಅಂಚಿಗೆ ಇಳಿಯಿತು, ಸಾಹೇಬರ ಪೇಪರು ಕೆಳಗೆ ಬಿತ್ತು, ಯಾರೋ ಅವರ ತೋಳು ಹಿಡಿದರು, ಏನ್ ಏನ್ ಎಂದು ಎಲ್ಲರೂ ಎದ್ದರು, ಇಷ್ಟೆಲ್ಲ ಗದ್ದಲದಲ್ಲಿ ಮುಂದಿನ ಸೀಟು ಮಾತ್ರ ಅಲುಗಲಿಲ್ಲ. ಒಂದು ಕೈ ಪರದೆಯನ್ನು ತಟ್ಟುತ್ತಲೇ ಇದೆ, ಇನ್ನೊಂದು ಕೈ ಚಾಚಿದಳು, ಸಿಸ್ಟರ್, ಏಳ್ರಿ ಎನ್ನಬೇಕು, ಅಂದರೆ ಆಕೆ ಏಳುತ್ತಾಳೆ, ಕಣ್ಣು ಉಜ್ಜಿಕೊಂಡು ಬಬಲೇಶ್ವರ ಬಂತೇನ್ರಿ ಎನ್ನುತ್ತಾಳೆ, ಆಮೇಲೆ ಇದನ್ನು ತೋರಿಸಬೇಕು, ತೋರಿಸಿದ ಮೇಲೆ ಈ ಬಸ್ಸಿನಲ್ಲಿ ಆಕೆ ಇನ್ನೆಂದೂ ಹೀಗೆ — ಕೈ ಭುಜದ ಹತ್ತಿರ ಹೋಗಿದೆ, ಇನ್ನೂ ಮುಟ್ಟಿಲ್ಲ, ತಲೆ ಗಾಜಿಗೆ ಒರಗಿದೆ, ಬಾಯಿ ಒಂದಿಷ್ಟು ತೆರೆದಿದೆ, ಉಸಿರಿಗೆ ಗಾಜು ಮಬ್ಬಾಗಿ, ತಿಳಿಯಾಗಿ, ಮಬ್ಬಾಗಿ