ಕಣಿವೆ ಇಳಿಸಿದವಳು

ಬೆಳಿಗ್ಗೆ ಹೊರಡುವ ಹೊತ್ತಿಗೇ ಮಾರ್ವಾಗೆ ಸಾಕಾಗಿ ಹೋಗಿತ್ತು. ನೀರಿನ ಕೊಳವೆ ಸುತ್ತಿಟ್ಟು, ಕಕ್ಕಸಿನ ತೊಟ್ಟಿ ಖಾಲಿ ಮಾಡಿ, ಚಕ್ರದಡಿಯ ಮರದ ತುಂಡುಗಳನ್ನು ಎಳೆದು ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ವಯಸ್ಸು ಅರವತ್ತೆಂಟು. ಆರು ವರ್ಷದಿಂದ ಅವಳ ಮನೆಯೆಂದರೆ ಈ ಮೂವತ್ತಡಿಯ ಆರ್‌ವಿ. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಹೊತ್ತು ತಿರುಗುವ ಗಾಡಿ. ಬೇಸಿಗೆಗೆ ಐಡಹೊ, ಚಳಿಗೆ ಅರಿಜೋನಾ. ನಡುವೆ ನೆವಾಡದ ಬೋಳು ಬೆಟ್ಟಗಳು, ಒಂದು ಹತ್ತಿಳಿದರೆ ಇನ್ನೊಂದು.

ಅವಳ ಗಂಡ ಎಲ್ಡನ್ ತಾಮ್ರದ ಗಣಿಯಲ್ಲಿ ಮೂವತ್ತು ವರ್ಷ ಅದಿರಿನ ಲಾರಿ ಓಡಿಸಿದವನು. ಸ್ಟಿಯರಿಂಗನ್ನು ಬೇರೆಯವರ ಕೈಗೆ ಕೊಟ್ಟವನೇ ಅಲ್ಲ. ಎಲ್ಲಾದರೂ ಒಂದು ಕಡೆ ನೆಲೆ ನಿಲ್ಲೋಣ ಎಂದು ಅವಳು ಎಷ್ಟು ಸಲ ಕೇಳಿದರೂ, ಇದೊಂದು ಚಳಿಗಾಲ ಕಳೆಯಲಿ ಎನ್ನುತ್ತಿದ್ದ.

ಅಕ್ಟೋಬರಿನ ಆ ಮಧ್ಯಾಹ್ನ ಗಾಡಿ ಒಂದು ಉದ್ದನೆಯ ಏರನ್ನು ಏದುಸಿರು ಬಿಡುತ್ತ ಹತ್ತುತ್ತಿತ್ತು. ಕೆಳಗೆ ಒಣಗಿದ ಕೆರೆಯ ಉಪ್ಪು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಗಂಟೆಯಿಂದ ಎದುರಿಗೆ ಒಂದೇ ಒಂದು ವಾಹನ ಬಂದಿರಲಿಲ್ಲ. ಮಾರ್ವಾಗೆ ಕಣ್ಣು ಎಳೆಯುತ್ತಿತ್ತು. ಎಲ್ಡನ್ ಮಾತ್ರ ಅವಳನ್ನು ಮಲಗಲು ಬಿಡುತ್ತಿರಲಿಲ್ಲ. ಆ ಬೋರ್ಡು ಓದು, ಮುಂದಿನ ತಿರುವು ಎಡಕ್ಕೋ ಬಲಕ್ಕೋ ಹೇಳು ಎಂದು ಪೀಡಿಸುತ್ತಿದ್ದ. ಕೆಲವು ತಿಂಗಳಿಂದ ಇದೇ ಆಟ. ವಯಸ್ಸಾದ ಮೇಲೆ ಇವನಿಗೆ ಮಾತಿನ ಚಪಲ ಹತ್ತಿದೆ ಎಂದುಕೊಂಡು ಅವಳು ಓದಿ ಹೇಳುತ್ತಿದ್ದಳು.

ನೆತ್ತಿ ಹತ್ತಿರವಾಗುತ್ತಿದ್ದಂತೆ ಅವಳಿಗೆ ಜೊಂಪು ಹತ್ತಿತು. ತಲೆ ಕಿಟಕಿಗೆ ಬಡಿದು ಎಚ್ಚರವಾದಾಗ ರಸ್ತೆಯ ನಟ್ಟನಡುವೆ ಒಂದು ಕಪ್ಪು ಹಸು ನಿಂತಿತ್ತು. ಗಾಡಿ ಅದರತ್ತ ನೇರವಾಗಿ ನುಗ್ಗುತ್ತಿತ್ತು.

"ಎಲ್ಡನ್, ನಿಲ್ಲಿಸು!"

ಅವನು ಬ್ರೇಕನ್ನು ಪೂರ್ತಿ ತುಳಿದ. ಹಿಂದೆ ಕಪಾಟಿನ ಬಾಗಿಲು ತೆರೆದುಕೊಂಡು ತಟ್ಟೆಗಳು ನೆಲಕ್ಕೆ ಬಿದ್ದವು. ಗಾಡಿ ಓಲಾಡುತ್ತ ನಿಂತಾಗ ಹಸುವಿನ ಕಿವಿಯ ಹಳದಿ ಬಿಲ್ಲೆಯ ಅಂಕಿ ಸಹ ಮಾರ್ವಾಗೆ ಕಾಣುತ್ತಿತ್ತು. ಅದು ಮೆಲುಕು ಹಾಕುತ್ತ ನಿಧಾನವಾಗಿ ಪಕ್ಕಕ್ಕೆ ಸರಿಯಿತು.

ಎಲ್ಡನ್ ಎದುರಿನ ಗಾಜನ್ನೇ ನೋಡುತ್ತಿದ್ದ. "ಏನದು?" ಎಂದ.

ಕುದುರೆಯಷ್ಟು ದೊಡ್ಡ ಹಸು, ಕಣ್ಣೆದುರಿಗೇ. ಬೋರ್ಡು ಓದಿಸುವ ಆಟದ ಅರ್ಥ ಆಗ ಅವಳಿಗೆ ಹೊಳೆಯಿತು.

"ನಿಂಗೆ ಕಾಣಲೇ ಇಲ್ವಾ?"

ಅವನು ಎಂಜಿನ್ ಆರಿಸಿದ. "ಸುತ್ತ ಕಾಣುತ್ತೆ ಕಣೇ. ಮಧ್ಯ ಇಲ್ಲ. ನೆಟ್ಟಗೆ ನೋಡಿದ್ರೆ ನಿನ್ನ ಮುಖಾನೂ ಇಲ್ಲ."

"ಯಾವತ್ತಿಂದ?"

"ಹೋದ ವರ್ಷದ ವಸಂತದಿಂದ."

ಒಂದೂವರೆ ವರ್ಷ. ಅಷ್ಟು ದಿನ ಅವಳು ಇವನ ಪಕ್ಕದಲ್ಲಿ ಹೆಣಿಗೆ ಹಾಕುತ್ತ, ಕಿತ್ತಳೆ ಸುಲಿಯುತ್ತ ಆರಾಮಾಗಿ ಕೂತಿದ್ದಳು. ಎದುರಿನಿಂದ ಬಂದ ಶಾಲೆಯ ಬಸ್ಸುಗಳು ನೆನಪಾದವು. ಹೊಡೆಯುವಷ್ಟು ಸಿಟ್ಟು ಬಂತು, ಹೊಡೆಯಲು ತ್ರಾಣವಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಿದಾಗ ಅವನು ತೊಡೆಯ ಮೇಲಿನ ಕೈಗಳನ್ನು ಉಜ್ಜಿಕೊಳ್ಳುತ್ತ, ಇದನ್ನು ಓಡಿಸುವುದು ಬಿಟ್ಟು ತನಗೆ ಬೇರೇನು ಬರುತ್ತದೆ ಎಂದ. ಅವಳು ಸಮಾಧಾನ ಹೇಳಲಿಲ್ಲ.

ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಹಿಂದಿನ ಊರು ಎಂಬತ್ತು ಮೈಲಿ, ಮುಂದಿನದು ಕಣಿವೆ ಇಳಿದರೆ ಹದಿಮೂರು. ಇಬ್ಬರೂ ಎದ್ದು ಜಾಗ ಬದಲಿಸಿಕೊಂಡರು. ಮಾರ್ವಾ ಈ ಗಾಡಿಯನ್ನು ಒಮ್ಮೆ, ಖಾಲಿ ಮೈದಾನದಲ್ಲಿ ಎರಡು ಸುತ್ತು ಓಡಿಸಿದ್ದು ಬಿಟ್ಟರೆ ಮತ್ತೆ ಮುಟ್ಟಿರಲಿಲ್ಲ.

ನೆತ್ತಿ ದಾಟಿದ ಕೂಡಲೇ ರಸ್ತೆ ಮೂಗಿನಡಿಯಿಂದ ಜಾರಿ ಹೋದಂತೆ ಇಳಿಯಿತು. ಬಲಕ್ಕೆ ಕೆಂಪು ಬಂಡೆ, ಎಡಕ್ಕೆ ತಡೆಗೋಡೆಯೂ ಇಲ್ಲದ ಪ್ರಪಾತ. ಆಚೆ ಬಯಲು, ಬಯಲಿನಾಚೆ ನೀಲಿ ಬೆಟ್ಟಗಳ ಸಾಲು. ಎಷ್ಟು ಚಂದದ ನೋಟವೆಂದು ಜನ ಫೋಟೊ ತೆಗೆಯುವ ಜಾಗವದು. ಮಾರ್ವಾ ರಸ್ತೆಯ ನಡುವಿನ ಹಳದಿ ಗೆರೆಯೊಂದನ್ನೇ ನೋಡಿದಳು. ಬ್ರೇಕಿನಿಂದ ಕಾಲು ತೆಗೆಯಲು ಧೈರ್ಯವಾಗಲಿಲ್ಲ. ಮೂರನೇ ತಿರುವಿಗೆ ಸುಟ್ಟ ವಾಸನೆ ಬಂತು.

"ಗೇರ್ ಎರಡಕ್ಕೆ ಇಳಿಸು," ಎಲ್ಡನ್ ಹೇಳಿದ. "ಒತ್ತಿ ಹಿಡೀಬೇಡ. ಜೋರಾಗಿ ಒಂದ್ಸಲ ಒತ್ತು, ಬಿಡು. ಎಂಜಿನ್ ಕೂಗಿದ್ರೆ ಕೂಗ್ಲಿ."

"ಬಾಯ್ಮುಚ್ಚು ಮುದುಕ."

ಅವನು ಬಾಯಿ ಮುಚ್ಚಿದ. ಅವಳು ಗೇರ್ ಇಳಿಸಿದಳು. ಎಂಜಿನ್ ಅರಚಿತು, ಗಾಡಿ ತನ್ನ ಭಾರವನ್ನು ತಾನೇ ಹಿಡಿದುಕೊಂಡಿತು. ಮುಂದಿನ ತಿರುವು ಹತ್ತಿರವಾದಾಗ ಅವಳೇ, "ಸುಮ್ನೆ ಕೂತ್ಕೋಬೇಡ, ಹೇಳು," ಎಂದಳು.

ಅವನು ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟ. ಈಗ ಒತ್ತು, ಈಗ ಬಿಡು, ಇನ್ನೂ ಸ್ವಲ್ಪ ಬಿಡು. ಒಂದು ಕಡೆ ಹಿಂದಿನಿಂದ ಕುದುರೆಗಳ ಟ್ರೇಲರ್ ಎಳೆದು ತರುತ್ತಿದ್ದ ಪಿಕಪ್ ಹಾರ್ನ್ ಹೊಡೆಯಿತು. ಅವಳು ಅಗಲದ ಜಾಗ ನೋಡಿ ಪಕ್ಕಕ್ಕೆ ನಿಂತು ಅದಕ್ಕೆ ದಾರಿ ಬಿಟ್ಟುಕೊಟ್ಟಳು. ಬ್ರೇಕ್ ಆರಲೆಂದು ಇಪ್ಪತ್ತು ನಿಮಿಷ ಅಲ್ಲೇ ಕೂತರು. ತುಟಿ ಒಣಗಿದ್ದರೂ ನೀರಿನ ಬಾಟಲಿಗೆ ಎದ್ದು ಹೋಗುವುದು ಇಬ್ಬರಿಗೂ ಬೇಡವಾಗಿತ್ತು.

ಹದಿಮೂರು ಮೈಲಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ಊರೆಂದರೆ ಒಂದು ಪೆಟ್ರೋಲ್ ಬಂಕು, ಒಂದು ಹೋಟೆಲು, ಎಂಟು ಗಾಡಿಗಳಿಗೆ ಜಾಗವಿರುವ ಒಂದು ಆರ್‌ವಿ ಪಾರ್ಕು. ಪಾರ್ಕಿನ ಒಡತಿ ವಿಲ್ಮಾ ಚಪ್ಪಲಿ ಎಳೆದುಕೊಂಡು ಬಂದು, ಒಂದೇ ರಾತ್ರಿಗಾ ಎಂದು ಕೇಳಿದಳು. ಒಂದು ತಿಂಗಳು ಎಂದಳು ಮಾರ್ವಾ, ಗಂಡನ ಮುಖ ನೋಡದೆ. ವಿಲ್ಮಾ ರೂಢಿಯಂತೆ ಎಲ್ಡನ್ ಕಡೆ ತಿರುಗಿ, ಗಾಡಿಯನ್ನು ಮೂಲೆಯ ಜಾಗಕ್ಕೆ ಹಿಂದಕ್ಕೆ ತಗೊಳ್ಳಿ ಎಂದಳು.

ಎಲ್ಡನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಅವಳಿಗೆ ಹೇಳಿ. ಗಾಡಿ ಓಡ್ಸೋದು ಅವಳು. ನಂಗೆ ಕಣ್ಣು ಕಾಣಲ್ಲ."

ಹೊರಗಿನವರೆದುರು ಅವನು ಅದನ್ನು ಹೇಳಿದ್ದು ಅದೇ ಮೊದಲು. ಮಾರ್ವಾಳ ಸಿಟ್ಟು ಪೂರ್ತಿ ಇಳಿಯಲಿಲ್ಲ; ಆದರೂ ಗಾಡಿಯನ್ನು ಮೂಲೆಗೆ ಹಿಂದಕ್ಕೆ ತಗೊಂಡು ನಿಲ್ಲಿಸಿ, ಅವನ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಒಳಗೆ ಒಡೆದ ತಟ್ಟೆಗಳನ್ನು ಕಾಲಿನಿಂದ ಬದಿಗೆ ಸರಿಸಿ, ಬೂಟನ್ನೂ ಬಿಚ್ಚದೆ ಹಾಸಿಗೆಗೆ ಬಿದ್ದಳು. ಆಗಿನ್ನೂ ಬಿಸಿಲಿತ್ತು. ಹೊರಗೆ ಎಲ್ಡನ್ ನೀರಿನ ಕೊಳವೆಯ ತುದಿಯನ್ನು ತಡಕಾಡಿ ನಲ್ಲಿಗೆ ಸಿಕ್ಕಿಸುತ್ತಿದ್ದ ಸದ್ದು ಕೇಳುತ್ತಲೇ ಅವಳಿಗೆ ನಿದ್ದೆ ಬಂತು.

ಮರುವಾರ ಎಲ್ಡನ್‌ನನ್ನು ಪರೀಕ್ಷಿಸಿದ ಡಾಕ್ಟರು, ಬಲಗಣ್ಣು ಹೋಗಿದೆ, ಕಣ್ಣಿಗೆ ಸೂಜಿ ಹಾಕಿಸುತ್ತಿದ್ದರೆ ಎಡಗಣ್ಣಿನಲ್ಲಿ ಉಳಿದಿರುವುದು ಉಳಿಯಬಹುದು ಎಂದರು. ಗಂಡ ಹೆಂಡತಿ ಆ ಚಳಿಗಾಲ ಅರಿಜೋನಾಕ್ಕೆ ಹೋಗಲಿಲ್ಲ. ತಿಂಗಳಿಗೊಮ್ಮೆ ಮಾರ್ವಾ ವಿಲ್ಮಾಳ ಹಳೇ ಕಾರನ್ನು ಕೇಳಿ ತೆಗೆದುಕೊಂಡು, ಗಂಡನನ್ನು ಪಕ್ಕಕ್ಕೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ ಬರುತ್ತಿದ್ದಳು. ದಾರಿಯುದ್ದಕ್ಕೂ ಅವನು ನಿದ್ದೆ ಮಾಡುತ್ತಿದ್ದ.